ಅಮ್ಮ ವ್ಯಾನಿನಲ್ಲಿದ್ದ ಚಳಿಗಾಲ

ದೊಬ್ರಿನಿಶ್ತೆ, ಡಿಸೆಂಬರ್ 12

ಜೋರ್ನಿತ್ಸಾ,

ಈ ಕಾಗದವನ್ನು ಬಸ್ಸಿನ ಮನೋಲ್ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ನಿನ್ನ ಖಾಲಿ ಸೀಸೆಗಳಿವೆ, ತೊಳೆದಿದ್ದೇನೆ. ಒಂದು ಮುಚ್ಚಳ ಕಡಿಮೆ ಇದೆ, ಅದೀಗ ನನ್ನ ಸಾಬೂನಿನ ತಟ್ಟೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನಾನು ಇಟ್ಟುಬಿಡುತ್ತೇನೆ, ಆಮೇಲೆ ಇಬ್ಬರಿಗೂ ಊಟ ಸೇರುವುದಿಲ್ಲ. ಅದಕ್ಕೇ ಫೋನನ್ನು ಆರಿಸಿ ಹಿಟ್ಟಿನ ಡಬ್ಬಿಯೊಳಗೆ ಹಾಕಿಟ್ಟಿದ್ದೇನೆ. ಬರೆದರೆ ಮಾತು ಸ್ವಲ್ಪ ತಣ್ಣಗಾಗಿ ತಲುಪುತ್ತದೆ.

ನಿಮ್ಮಪ್ಪನ ವರ್ಷದ ಪ್ರಾರ್ಥನೆ ಮುಗಿಸಿ, ಶೋಕದ ಕರಿ ಬಟ್ಟೆ ಬಿಚ್ಚಿ, ಮರುವಾರವೇ ಹೊರಟುಬಿಟ್ಟಳು ಎಂದು ಬ್ಲಾಕಿನವರೆಲ್ಲ ಆಡಿಕೊಳ್ಳುತ್ತಿದ್ದಾರಂತೆ. ಆಡಿಕೊಳ್ಳಲಿ. ವರ್ಷವೆಂದರೆ ವರ್ಷ, ನಾನೇನೂ ಕಡಿಮೆ ಮಾಡಿಲ್ಲ.

ವ್ಯಾನ್ ಚೆನ್ನಾಗಿದೆ. ನಿಮ್ಮಪ್ಪ ಇದರಲ್ಲಿ ಸೋಫಾ ಸಾಗಿಸುತ್ತಿದ್ದ ಎನ್ನುವುದು ಈಗಲೂ ಮೂಗಿಗೆ ಗೊತ್ತಾಗುತ್ತದೆ. ಅಂಟಿನ ವಾಸನೆ ಹೋಗಿಲ್ಲ. ಅವನ ಅಂಗಡಿಯಲ್ಲಿ ಉಳಿದಿದ್ದ ಸ್ಪಂಜನ್ನು ಒಳಗೋಡೆಗೆಲ್ಲ ಬಡಿದು, ಮೇಲೆ ಗುಲಾಬಿ ಹೂವಿನ ಸೋಫಾ ಬಟ್ಟೆ ಹೊದಿಸಿದ್ದೇನೆ. ಸೌದೆ ಒಲೆ ಪುಟ್ಟದು, ಬೆಳಗಿನ ಜಾವಕ್ಕೆ ಆರಿಹೋಗುತ್ತದೆ. ಎದ್ದು ನೋಡಿದರೆ ಕಿಟಕಿಯ ಒಳಮೈಗೆ ನನ್ನ ಉಸಿರೇ ಹೆಪ್ಪುಗಟ್ಟಿ ಕೂತಿರುತ್ತದೆ, ಚಾಕುವಿನಿಂದ ಕೆರೆಯುತ್ತೇನೆ. ಬೂಟು, ನೀರಿನ ಬಾಟಲಿ, ಬ್ಯಾಟರಿ ಎಲ್ಲವನ್ನೂ ಹೊದಿಕೆಯೊಳಗೆ ಇಟ್ಟುಕೊಂಡು ಮಲಗುವುದು. ಬಾಗಿಲ ಬೀಗ ಹಿಡಿದುಕೊಂಡರೆ ಅದಕ್ಕೆ ನಿಮ್ಮ ಮಾವನವರು ಕೊಟ್ಟ ಪ್ಲಮ್ ಹಣ್ಣಿನ ಸಾರಾಯಿ, ಆ ರಕಿಯಾ, ಎರಡು ತೊಟ್ಟು ಬಿಡುತ್ತೇನೆ. ಬೀಗಕ್ಕೆ ಮೊದಲು, ನನಗೆ ಆಮೇಲೆ. ಸ್ನಾನಕ್ಕೆ ಊರಿನ ಬಿಸಿನೀರಿನ ಬುಗ್ಗೆ ಇದ್ದೇ ಇದೆ.

ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟ್ ಶುರುವಾಗಿದೆ. ಬೆಳಗ್ಗೆ ಮೊದಲ ಕುರ್ಚಿ ನನ್ನದೇ. ಶಾಲೆಯ ಮಕ್ಕಳನ್ನು ಚಳಿಗಾಲದ ಶಿಬಿರಕ್ಕೆ ಕರೆದುಕೊಂಡು ಬರುತ್ತಿದ್ದಾಗ ಅವರಿಂದಲೇ ಸ್ನೋಬೋರ್ಡ್ ಕಲಿತವಳು ನಾನು. ವ್ಯಾಯಾಮದ ಮೇಷ್ಟ್ರಮ್ಮ ಬಿದ್ದರೆ ಅವರಿಗೆ ಹಬ್ಬ. ಆಗೆಲ್ಲ ಒಂದು ವಾರ ಸಿಗುತ್ತಿತ್ತು, ಅದರಲ್ಲೂ ಅರ್ಧ ದಿನ ಯಾರದಾದರೂ ಕೈಗವಸು ಹುಡುಕುವುದರಲ್ಲೇ ಕಳೆಯುತ್ತಿತ್ತು. ಈಗ ಇಡೀ ಚಳಿಗಾಲ ನನ್ನದು.

ಮಾರ್ಚಿಗೆ ಇನ್ನೂ ಬಹಳ ದಿನವಿದೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡ.

ಅಮ್ಮ

•

ಪ್ಲೋವ್ದಿವ್, ಡಿಸೆಂಬರ್ 19

ಅಮ್ಮ,

ಸೀಸೆ ತಲುಪಿದವು. ದೊಣ್ಣೆಮೆಣಸಿನ ಗೊಜ್ಜು, ಉಪ್ಪುನೀರಿನ ಎಲೆಕೋಸು ಕಳಿಸಿದ್ದೇನೆ. ಮುಚ್ಚಳಗಳನ್ನು ಮುಚ್ಚಳಗಳಾಗಿಯೇ ವಾಪಸ್ ಕಳಿಸು.

ಎರಡನೇ ಮಹಡಿಯ ಲೆಫ್ತೆರಾ ಮೆಟ್ಟಿಲಲ್ಲಿ ಹಿಡಿದುಕೊಂಡು ಕೇಳಿದಳು, "ನಿಮ್ಮಮ್ಮ ಎಲ್ಲೋ ಚಿಕಿತ್ಸೆಗೆ ಹೋಗಿದಾರಂತಲ್ಲ, ಹೌದೇನೇ?" ನಾನು ಹೂಂ ಅಂದೆ. ಸೊಂಟನೋವಿಗೆ ಬಿಸಿನೀರಿನ ಸ್ನಾನ ಅಂದೆ. ಐವತ್ತೇಳು ವರ್ಷದ ವಿಧವೆ ವ್ಯಾನಿನಲ್ಲಿ ಮಲಗಿ ಎದ್ದು, ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರುತ್ತಿದ್ದಾಳೆ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಅವಳು ನಂಬಲಿಲ್ಲ, ಅದು ಬೇರೆ ಮಾತು.

ನನಗೆ ಕಾಲು ಊದಿದೆ. ನಿನ್ನ ಅಳಿಯ ಪ್ಲಾಮೆನ್ ಲಾರಿ ತೆಗೆದುಕೊಂಡು ಹ್ಯಾಂಬರ್ಗಿನ ಕಡೆಗೆ ಹೋದರೆ ಬರುವುದು ಯಾವಾಗ ಎಂದು ಅವನಿಗೂ ಗೊತ್ತಿರುವುದಿಲ್ಲ. ಡಾಕ್ಟರು ಮಾರ್ಚ್ ಮೊದಲ ವಾರ ಎಂದಿದ್ದಾರೆ. ಆಮೇಲೆ ನಲವತ್ತು ದಿನ. ಬಾಣಂತಿ ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಬಾರದು, ಕಿಟಕಿ ತೆಗೆಯಬಾರದು, ಮನೆಯಲ್ಲಿ ಒಬ್ಬಳೇ ಇರಬಾರದು. ಇದನ್ನೆಲ್ಲ ಕೇಳಿದರೆ ನನಗೆ ಮೊದಲು ನಗು ಬರುತ್ತಿತ್ತು. ಈಗ ಬರುವುದಿಲ್ಲ. ನಾನು ಹುಟ್ಟಿದಾಗ ಅಜ್ಜಿ ಆ ನಲವತ್ತು ದಿನವೂ ನಿನ್ನ ಮಂಚದ ಪಕ್ಕ ಇದ್ದಳು ಎಂದು ನೀನೇ ಹೇಳುತ್ತಿದ್ದೆ. ನನ್ನ ಪಕ್ಕ ಯಾರಿರುತ್ತಾರೆ?

ಅತ್ತೆ ತ್ಸೋಂಕಾ ಈಗಾಗಲೇ ಗಂಟುಮೂಟೆ ಕಟ್ಟಿ ಕೂತಿದ್ದಾರೆ. ಅವರು ಬಂದರೆ ನಾನು ಕೆಮ್ಮುವುದಕ್ಕೂ ಅಪ್ಪಣೆ ಕೇಳಬೇಕಾಗುತ್ತದೆ. ನನಗೆ ನೀನು ಬೇಕು. ಬರುತ್ತೀಯೋ ಇಲ್ಲವೋ, ಒಂದು ಮಾತು ಬರೆ.

ಜೋರ್ನಿತ್ಸಾ

•

ದೊಬ್ರಿನಿಶ್ತೆ, ಜನವರಿ 3

ಜೋರ್ನಿತ್ಸಾ,

ಕಾಲು ಊದಿದ್ದರೆ ಉಪ್ಪು ಬಿಡು, ದಿಂಬಿನ ಮೇಲೆ ಕಾಲು ಎತ್ತಿಟ್ಟು ಮಲಗು.

ಇಲ್ಲಿ ಹಬ್ಬ ಚೆನ್ನಾಯಿತು. ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಮಾಂಸವಿಲ್ಲದ ಅಡುಗೆ, ಅದೂ ಬೆಸ ಸಂಖ್ಯೆಯಲ್ಲಿ ಆಗಬೇಕಲ್ಲ. ಬೀನ್ಸು, ನಿನ್ನ ಎಲೆಕೋಸು, ಅಕ್ರೋಟು, ರೊಟ್ಟಿ, ಜೇನು ಎಲ್ಲ ಸೇರಿಸಿ ಐದು ಮಾಡಿಟ್ಟಿದ್ದೆ. ಅಷ್ಟರಲ್ಲಿ ಲಿಫ್ಟಿನ ಹತ್ತಿರ ಕೆಲಸ ಮಾಡುವ ದಾಫಿನಾ ಸಿಹಿಗುಂಬಳದ ಸುರುಳಿ ರೊಟ್ಟಿ ಹೊತ್ತುಕೊಂಡು ಬಂದಳು. ಆರಾಗಿಬಿಟ್ಟವು. ಬಂದದ್ದನ್ನು ವಾಪಸ್ ಕಳಿಸುವ ಹಾಗಿಲ್ಲ, ಮಾಡಿದ್ದನ್ನು ತೆಗೆದಿಡುವ ಹಾಗಿಲ್ಲ. ಕೊನೆಗೆ ಉಪ್ಪನ್ನೂ ಒಂದು ಅಡುಗೆ ಎಂದು ಲೆಕ್ಕಕ್ಕೆ ಹಿಡಿದು ಊಟಕ್ಕೆ ಕೂತೆವು. ಪಾದ್ರಿಗೆ ಹೇಳಬೇಡ.

ದಾಫಿನಾ ದಿನವೂ ಬೆಳಗ್ಗೆ ಕುರ್ಚಿ ಹಿಡಿದು ನಿಲ್ಲಿಸುತ್ತಾ ಕೇಳುತ್ತಾಳೆ, "ಏನ್ ಮೇಷ್ಟ್ರಮ್ಮ, ಇನ್ನೂ ಇದೀರಾ?"

"ಹೋಗೋದಿದ್ರೆ ನಿಂಗೇ ಮೊದ್ಲು ಹೇಳ್ತೀನಿ."

"ಹೇಳಿ ಮತ್ತೆ. ನಿಮ್ ಒಲೆ ಮೇಲೆ ನಂಗೆ ಕಣ್ಣಿದೆ."

ಮೂರು ದಿನ ಎಡೆಬಿಡದೆ ಹಿಮ ಬಿತ್ತು. ವ್ಯಾನಿನ ಬಾಗಿಲು ತೆಗೆಯಲು ಆಗದೆ ಮುಂದಿನ ಕಿಟಕಿಯಿಂದ ಹೊರಬಿದ್ದು, ಸಲಿಕೆ ಹಿಡಿದು ನನ್ನನ್ನು ನಾನೇ ಅಗೆದು ತೆಗೆದೆ. ನಾಲ್ಕನೆಯ ದಿನ ಬಿಸಿಲು. ಬೆಜ್ಬೋಗ್ ತುದಿಯಿಂದ ಕೆಳಗೆ ಮೊಣಕಾಲು ಮುಳುಗುವಷ್ಟು ಹೊಸ ಹಿಮ, ಯಾರ ಗುರುತೂ ಇಲ್ಲ. ಭಾರವನ್ನು ಹಿಂಗಾಲಿಗೆ ಕೊಟ್ಟು ಹಲಗೆಯನ್ನು ಅದರ ಪಾಡಿಗೆ ಬಿಟ್ಟರೆ ಸದ್ದೇ ಇರುವುದಿಲ್ಲ. ಪೈನ್ ಮರಗಳ ನಡುವೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಾ ಇಳಿದೆ. ಕೆಳಗೆ ಬಂದು ನಿಂತಾಗ ತೊಡೆ ನಡುಗುತ್ತಿತ್ತು. ಎರಡು ಸಲ ಬಿದ್ದೆ, ಮೂಗಿನೊಳಗೆಲ್ಲ ಹಿಮ. ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮುಚ್ಚಳ ಈ ಸಲ ಎಲ್ಲ ಇವೆ. ಪ್ಲಾಮೆನ್‌ಗೆ ಚಳಿಗಾಲದ ಟೈರು ಹಾಕಿಸಲು ಹೇಳು.

ಅಮ್ಮ

•

ಪ್ಲೋವ್ದಿವ್, ಜನವರಿ 10

ಅಮ್ಮ,

ಎರಡು ಹಾಳೆ ಬರೆದಿದ್ದೀಯ. ಹಿಮ ಇದೆ, ಕುಂಬಳಕಾಯಿ ಇದೆ, ಟೈರು ಇದೆ. ಮಾರ್ಚ್ ಇಲ್ಲ.

ಮಗು ಹೆಣ್ಣಂತೆ. ನಿನ್ನೆ ತಿಳಿಯಿತು.

ಜೋರ್ನಿತ್ಸಾ

•

ದೊಬ್ರಿನಿಶ್ತೆ, ಜನವರಿ 18

ಜೋರ್ನಿತ್ಸಾ,

ಹೆಣ್ಣು ಎಂದು ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಂತೋಷಕ್ಕೇ.

ಈಗ ನೀನು ಕೇಳಿದ್ದಕ್ಕೆ ಉತ್ತರ. ನಲವತ್ತು ದಿನ ಬಂದು ಕೂರಲು ನನ್ನಿಂದ ಆಗುವುದಿಲ್ಲ. ಕಾರಣ ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡ.

ನಿಮ್ಮಪ್ಪ ನಾಲ್ಕು ವರ್ಷ ಹಾಸಿಗೆಯಲ್ಲಿದ್ದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಬಲಭಾಗ ಸತ್ತಿತ್ತು, ಮಾತು ಹೋಗಿತ್ತು, ನನ್ನ ಹೆಸರಿನ ಮೊದಲ ತುಂಡು ಮಾತ್ರ ನಾಲಿಗೆಯಲ್ಲಿ ಉಳಿದಿತ್ತು. ನೀರು ಬೇಕಾದರೂ "ದೊ", ಬೆನ್ನು ಕೆರೆದರೂ "ದೊ", ನಾನಿದ್ದೇನೋ ಇಲ್ಲವೋ ಎಂದು ನೋಡಲಿಕ್ಕೂ "ದೊ". ನೀನು ಭಾನುವಾರ ಕೇಕ್ ತೆಗೆದುಕೊಂಡು ಬರುತ್ತಿದ್ದೆ. "ಅಪ್ಪ ಇವತ್ತು ಗೆಲುವಾಗಿದಾರೆ, ಅಲ್ವಾಮ್ಮ?" ಅನ್ನುತ್ತಿದ್ದೆ. ಹೌದು, ಗೆಲುವಾಗಿರುತ್ತಿದ್ದ. ಹೋದ ದಿನ ನಾನು ಅತ್ತಿದ್ದು ನಿಜ. ಆ ರಾತ್ರಿ ಹಾಸಿಗೆಗೆ ಬಿದ್ದವಳು ಮರುದಿನ ಮಧ್ಯಾಹ್ನದವರೆಗೆ ಮಲಗಿದ್ದೂ ನಿಜ. ನೀವೆಲ್ಲ ದುಃಖಕ್ಕೆ ಎಂದುಕೊಂಡಿರಿ.

ಈಗಲೂ ಪಕ್ಕದ ಕೋಣೆಯಿಂದ ಯಾರಾದರೂ ಕರೆದರೆ ನಾನು ಬೂಟು ಹುಡುಕುತ್ತೇನೆ. ಮಗು ಕರೆಯುತ್ತದೆ, ಅದರ ಕೆಲಸವೇ ಅದು. ನೀನೂ ಕರೆಯುತ್ತೀಯ. ಮುಚ್ಚಿದ ಕಿಟಕಿ, ಒದ್ದೆ ಬಟ್ಟೆ, ಬಿಸಿನೀರಿನ ಬೋಗುಣಿ. ನನಗೆ ಆ ಕೋಣೆಯನ್ನು ನೆನೆದರೆ ಹೆದರಿಕೆಯಾಗುತ್ತದೆ, ಜೋರ್ನಿ. ಮಗುವಿನ ಮೇಲೆ ಆಸೆಯಿಲ್ಲ ಎಂದಲ್ಲ. ನಿನ್ನ ಮೇಲೆ ಇಲ್ಲ ಎಂದಂತೂ ಅಲ್ಲವೇ ಅಲ್ಲ.

ಒಂದು ವಾರ ಬರುತ್ತೇನೆ. ಅಷ್ಟು ನನ್ನ ಕೈಲಾಗುತ್ತದೆ. ಉಳಿದದ್ದನ್ನು ತ್ಸೋಂಕಾ ನೋಡಿಕೊಳ್ಳಲಿ, ಅವಳು ಬಾಯಿ ಜೋರಾದರೂ ಕೈ ಒಳ್ಳೆಯದು.

ಅಮ್ಮ

•

ಪ್ಲೋವ್ದಿವ್, ಜನವರಿ 27

ಅಮ್ಮ,

ಅಪ್ಪನನ್ನು ನೋಡಿಕೊಂಡದ್ದು ಕಷ್ಟವಾಗಿತ್ತು ಎಂದು ನನಗೆ ಗೊತ್ತಿತ್ತು. ನಾನು ಕೂಸಲ್ಲ. ಆದರೆ ನಾನು ಅಪ್ಪ ಅಲ್ಲ, ನನ್ನ ಮಗು ಕಾಯಿಲೆಯಲ್ಲ.

ಒಂದು ವಾರಕ್ಕೆ ನೆಂಟರು ಬರುತ್ತಾರೆ. ನನಗೆ ನೆಂಟರು ಬೇಡ. ಅತ್ತೆಗೆ ಹೇಳಿದ್ದೇನೆ, ಅವರು ಫೆಬ್ರವರಿ ಕೊನೆಗೆ ಬಂದು ಬೀಡುಬಿಡುತ್ತಾರೆ. ನೀನು ಹಿಮದಲ್ಲಿ ಸುಖವಾಗಿರು. ಸೀಸೆ ತೊಳೆಯುವ ಕಷ್ಟವೂ ನಿನಗೆ ಬೇಡ, ಇನ್ನು ಕಳಿಸುವುದಿಲ್ಲ.

ಜೋರ್ನಿತ್ಸಾ

•

ದೊಬ್ರಿನಿಶ್ತೆ, ಫೆಬ್ರವರಿ 15

ಜೋರ್ನಿತ್ಸಾ,

ಎರಡು ಸಲ ಮನೋಲ್ ಬಸ್ಸು ಬಂದಾಗ ಹೋಗಿ ನಿಂತೆ. "ನಿಮ್ಗೇನೂ ಇಲ್ಲ ಅಕ್ಕ" ಅಂದ. ಎರಡನೇ ಸಲ ಪಾಪ ತನ್ನ ಬುತ್ತಿಯಿಂದ ಚೀಸ್ ರೊಟ್ಟಿ ತೆಗೆದುಕೊಟ್ಟ. ತಿಂದೆ.

ಇಲ್ಲಿ ಎಲ್ಲ ಹಾಗೇ ಇದೆ. ಹಿಮ ಚೆನ್ನಾಗಿದೆ, ದಿನಾ ಹೋಗುತ್ತೇನೆ. ಮೊದಲಿನಷ್ಟು ಬೀಳುವುದಿಲ್ಲ. ನಿನ್ನೆ ಮೇಲೆ ಹತ್ತುವಾಗ ಕುರ್ಚಿಯಲ್ಲಿ ಪಕ್ಕಕ್ಕೆ ಕೂತ ಹೆಂಗಸು ಮಗಳ ವಿಷಯ ಹೇಳುತ್ತಾ ಬಂದಳು, ಇಳಿಯುವ ಜಾಗ ಬಂದದ್ದೇ ಗೊತ್ತಾಗಲಿಲ್ಲ, ಇಬ್ಬರೂ ಉರುಳಿದೆವು. ದಾಫಿನಾ ಲಿಫ್ಟ್ ನಿಲ್ಲಿಸಬೇಕಾಯಿತು.

ಊತ ಇಳಿಯಿತೇ ಎಂದಷ್ಟಾದರೂ ಬರೆ.

ಅಮ್ಮ

•

ಪ್ಲೋವ್ದಿವ್, ಫೆಬ್ರವರಿ 25

ಬೀಗಿತ್ತಿ ದೊಬ್ರಿನಾಗೆ,

ತ್ಸೋಂಕಾ ಬರೀತಿರೋದು. ನನಗೆ ಬರೆದು ಅಭ್ಯಾಸ ಇಲ್ಲ, ಮಾತಾಡಿದ ಹಾಗೇ ಬರೀತೀನಿ, ತಪ್ಪು ಹುಡುಕಬೇಡ, ನೀನು ಟೀಚರು ಅಂತ ಗೊತ್ತು. ನಿನ್ನ ಫೋನಿಗೆ ಮಾಡಿ ಮಾಡಿ ಬೆರಳು ಸವೀತು.

ಮಗು ಇಪ್ಪತ್ತೆರಡನೇ ತಾರೀಕೇ ಬಂತು. ಅವಸರದ ಮಗು. ಸಣ್ಣದಿದೆ, ಆದ್ರೆ ಗಂಟಲು ನೋಡಬೇಕು. ಎಲ್ಲಾ ಚೆನ್ನಾಗಿದೆ, ಗಾಬರಿ ಬೀಳಬೇಡ. ನಿನ್ನ ಮಗಳು ಚೆನ್ನಾಗಿಲ್ಲ. ಮೈಯಲ್ಲಿ ಏನೂ ಇಲ್ಲ, ಡಾಕ್ಟ್ರು ನೋಡಿದ್ರು. ಗೋಡೆ ನೋಡ್ಕೊಂಡು ಮಲಗ್ತಾಳೆ. ನಾನು ಸೂಪು ಕೊಟ್ರೆ ಥ್ಯಾಂಕ್ಸ್ ಅಂತಾಳೆ. ಸೊಸೆ ಅತ್ತೆಗೆ ಥ್ಯಾಂಕ್ಸ್ ಅಂದ್ರೆ ಮನೇಲಿ ಏನೋ ಸರಿಯಿಲ್ಲ ಅಂತಲೇ ಲೆಕ್ಕ. ಮೊದ್ಲು ಜಗಳ ಆಡ್ತಿದ್ಲು, ಅದೇ ವಾಸಿ.

ನಿನ್ನ ಕಾಗದಗಳು ಅವಳ ದಿಂಬಿನ ಕೆಳಗಿವೆ. ಓದಿಲ್ಲ ನಾನು. ಮೇಲಿನದ್ದು ಮಾತ್ರ ಕಣ್ಣಿಗೆ ಬಿತ್ತು, ಅದೂ ಪೂರ್ತಿ ಅಲ್ಲ. ನೋಡು ದೊಬ್ರಿನಾ, ನಾನೂ ನನ್ನ ಅತ್ತೇನ ಆರು ವರ್ಷ ನೋಡ್ಕೊಂಡೋಳು. ನನಗೆ ವ್ಯಾನ್ ಇರಲಿಲ್ಲ, ಇದ್ದಿದ್ರೆ ನಾನೂ ಹತ್ಕೊಂಡು ಹೋಗ್ತಿದ್ದೆ. ಅದಕ್ಕೇ ನಿನ್ನ ಮೇಲೆ ನನಗೆ ಕೋಪ ಇಲ್ಲ, ಹೊಟ್ಟೆಕಿಚ್ಚು ಇದೆ. ಆದ್ರೆ ಬಾ. ನನ್ನ ಹತ್ರ ಅವಳು ಅಳೋದೂ ಇಲ್ಲ.

ತ್ಸೋಂಕಾ

•

ಪ್ಲೋವ್ದಿವ್, ನಿಮ್ಮ ಕಿಟಕಿಯ ಕೆಳಗೆ, ಫೆಬ್ರವರಿ 28

ಜೋರ್ನಿತ್ಸಾ,

ಕಿಟಕಿಯ ಪರದೆ ಸರಿಸಿ ನೋಡು. ಕಸದ ಡಬ್ಬಿಗಳ ಪಕ್ಕದಲ್ಲಿ ನೀಲಿ ವ್ಯಾನ್ ಇದೆ. ತ್ಸೋಂಕಾಳ ಕಾಗದ ನಿನ್ನೆ ಕೈಸೇರಿತು. ಒಲೆ ಆರಿಸಿ ಹೊರಟೆ, ಯುಂದೊಲಾ ಘಾಟಿಯಲ್ಲಿ ಹಿಮ ಇದ್ದದ್ದರಿಂದ ಬೆಳಗಾಯಿತು.

ನಲವತ್ತು ದಿನ ಇರುತ್ತೇನೆ. ಆದರೆ ಮಲಗುವುದು ಇಲ್ಲಿ. ಬೆಳಗ್ಗೆ ಬೆಳಕು ಹರಿದ ಕೂಡಲೇ ಮೇಲೆ ಬರುತ್ತೇನೆ, ಬಟ್ಟೆ ಒಗೆಯುತ್ತೇನೆ, ಅಡುಗೆ ಮಾಡುತ್ತೇನೆ, ಮಗುವಿಗೆ ಸ್ನಾನ ಮಾಡಿಸುತ್ತೇನೆ, ನಿನ್ನ ಬೈಗುಳ ತಿನ್ನುತ್ತೇನೆ. ನೀವೆಲ್ಲ ಮಲಗುವ ಹೊತ್ತಿಗೆ ಇಳಿದು ಬಂದು ಬಾಗಿಲು ಹಾಕಿಕೊಳ್ಳುತ್ತೇನೆ. ರಾತ್ರಿ ತ್ಸೋಂಕಾ ಇರುತ್ತಾಳೆ. ಇದಕ್ಕಿಂತ ಒಳ್ಳೆಯ ಅಮ್ಮ ನನ್ನ ಹತ್ತಿರ ಇಲ್ಲ. ಬೇಡ ಅಂದರೆ ಕಿಟಕಿಯಿಂದ ಹಗ್ಗದ ಬುಟ್ಟಿಯಲ್ಲಿ ಚೀಟಿ ಇಳಿಬಿಡು, ಹೋಗುತ್ತೇನೆ. ಬೇಕು ಅಂದರೆ ಬಾಗಿಲಿನ ಕೀಲಿ ಇಳಿಬಿಡು.

ಅಮ್ಮ

•

ಮೂರನೇ ಮಹಡಿ, ಮಾರ್ಚ್ 5

ಅಮ್ಮ,

ಕೀಲಿ ಕೊಟ್ಟೆ ಎಂದ ಮಾತ್ರಕ್ಕೆ ಕೋಪ ಇಳಿದಿದೆ ಎಂದುಕೊಳ್ಳಬೇಡ. ಎದುರುಬದುರು ಕೂತರೆ ನಾವು ಡಯಾಪರ್ ಬಗ್ಗೆ ಮಾತ್ರ ಮಾತಾಡುತ್ತೇವೆ, ಅದಕ್ಕೆ ಬರೆಯುತ್ತಿದ್ದೇನೆ.

ಇಡೀ ಬ್ಲಾಕ್ ಬಾಲ್ಕನಿಗೆ ಬಂದು ನಿನ್ನನ್ನು ನೋಡುತ್ತಿದೆ. ನಿನ್ನ ಉಣ್ಣೆಯ ಕಾಲುಚೀಲಗಳು ವ್ಯಾನಿನ ಕನ್ನಡಿಗೆ ನೇತಾಡುತ್ತಿವೆ. ಲೆಫ್ತೆರಾ ಬಂದು "ಸೊಂಟ ವಾಸಿಯಾಯ್ತಾ ನಿಮ್ಮಮ್ಮಂಗೆ?" ಎಂದು ಕೇಳಿ ಹೋದಳು. ಮಗಳ ಮನೆಗೆ ಬಂದು ಬೀದಿಯಲ್ಲಿ ಮಲಗುವ ತಾಯಿಯನ್ನು ಯಾರೂ ಕಂಡಿಲ್ಲ. ನಾನು ನಿನ್ನನ್ನು ಹೊರಗೆ ಹಾಕಿದ್ದೇನೆ ಎಂದೇ ಎಲ್ಲರ ಲೆಕ್ಕ.

ನಿನ್ನೆ ಸಂಜೆ ನೀನು ಇಳಿದು ಹೋಗುವಾಗ ಮಗು ಅಳುತ್ತಿತ್ತು. ನೀನು ಮೆಟ್ಟಿಲಲ್ಲಿ ನಿಲ್ಲಲಿಲ್ಲ. ಹೆಜ್ಜೆ ಸದ್ದು ಕೇಳಿಸಿಕೊಂಡೆ. ಅದು ಹೇಗೆ ಸಾಧ್ಯ ಎಂದು ನನಗೆ ನಿಜಕ್ಕೂ ತಿಳಿಯುವುದಿಲ್ಲ.

ಸ್ನಾನ ಚೆನ್ನಾಗಿ ಮಾಡಿಸುತ್ತೀಯ. ನಿನ್ನ ಕೈಯಲ್ಲಿ ಅವಳು ಸುಮ್ಮನಿರುತ್ತಾಳೆ.

ಜೋರ್ನಿತ್ಸಾ

•

ವ್ಯಾನ್, ಮಾರ್ಚ್ 6

ಜೋರ್ನಿತ್ಸಾ,

ನಿಲ್ಲಬೇಕು ಅನಿಸಿತ್ತು. ನಿಂತಿದ್ದರೆ ವಾಪಸ್ ಬರುತ್ತಿದ್ದೆ, ಬಂದಿದ್ದರೆ ಇವತ್ತು ಬೆಳಗ್ಗೆ ಬರಲು ಕಾಲೇಳುತ್ತಿರಲಿಲ್ಲ. ನನ್ನನ್ನು ನಾನು ಬಲ್ಲೆ.

ಕಾಲುಚೀಲ ತೆಗೆದಿದ್ದೇನೆ.

ಅಮ್ಮ

•

ವ್ಯಾನಿನಿಂದ, ಮಾರ್ಚ್ 14, ಬೆಳಗ್ಗೆ

ಅಮ್ಮ,

ಎದ್ದು ಕೂತಿದ್ದೇನೆ. ನಿನ್ನ ಪೆನ್ನು ಸಿಕ್ಕಿತು. ನೀನು ಮೇಲೆ ಇದ್ದೀಯ, ನಾನು ಕೆಳಗೆ, ಇದು ತಿರುಗುಮುರುಗು ಆಗಿದೆ ಎಂದು ಗೊತ್ತು.

ನಿನ್ನೆ ಅತ್ತೆ ಟೊಮ್ಯಾಟೊ ಸಸಿ ಹಾಕಲು ಊರಿಗೆ ಹೋದದ್ದರಿಂದ ರಾತ್ರಿ ನೀನೇ ಮೇಲಿರಬೇಕಾಯಿತು. ನಿನ್ನ ಮುಖ ನೋಡಿದೆ. ನೀನು ಚಾಪೆ ಹಾಸಿಕೊಂಡು ಬಾಗಿಲ ಹತ್ತಿರ ಕೂತಿದ್ದೆ. ಆಗ ನನ್ನ ಬಾಯಲ್ಲಿ ಬಂದದ್ದು ನಿನ್ನ ಮೇಲಿನ ಕರುಣೆಯಲ್ಲ. "ವ್ಯಾನಿನ ಕೀಲಿ ಕೊಡಮ್ಮ, ನಾನು ಅಲ್ಲಿ ಮಲಗ್ತೀನಿ" ಅಂದೆ. ಹೊತ್ತು ಮುಳುಗಿ ಎಷ್ಟೋ ಆಗಿತ್ತು. ಬಾಣಂತಿ ಹೊಸ್ತಿಲು ದಾಟಬಾರದು ಎಂದು ಇಡೀ ಚಳಿಗಾಲ ನಿನಗೆ ಬರೆದವಳು ನಾನೇ. ನೀನು ಅದನ್ನು ಹೇಳಿ ತೋರಿಸಬಹುದಿತ್ತು. ಹೇಳಲಿಲ್ಲ. ಕೀಲಿ ಕೊಟ್ಟೆ, ನಿನ್ನ ದಪ್ಪ ಕೋಟು ಹೊದಿಸಿದೆ, "ಒಲೆಗೆ ದಪ್ಪ ಕೊರಡು ಹಾಕು" ಅಂದೆ, ಅಷ್ಟೇ.

ನಾನು ವ್ಯಾನಿನೊಳಗೆ ಬಂದು ಬಾಗಿಲು ಎಳೆದುಕೊಂಡೆ. ಒಲೆ ಹಚ್ಚಿದೆ. ಅಂಟಿನ ವಾಸನೆಗೆ ಅಪ್ಪನ ನೆನಪಾಗಿ ಸ್ವಲ್ಪ ಅತ್ತೆ. ಆಮೇಲೆ ಅಳು ಅಪ್ಪನದ್ದಲ್ಲ, ನನ್ನದೇ ಆಯಿತು. ಮಗು ಹುಟ್ಟಿದ ಮೇಲೆ ನಾನು ಅತ್ತೇ ಇರಲಿಲ್ಲ. ಅತ್ತು ಮುಗಿದ ಮೇಲೆ ಕಾಲು ಚಾಚಿ ಮಲಗಿದೆ. ಯಾರೂ ನನ್ನ ಎದೆಯನ್ನು, ನನ್ನ ಕೈಯನ್ನು ಕೇಳಲಿಲ್ಲ. ನಿದ್ದೆ ಬಂದದ್ದು ಗೊತ್ತಾಗಲಿಲ್ಲ.

ಬೆಳಕು ಹರಿಯುವ ಮೊದಲು ಮೇಲಿನ ಕಿಟಕಿಯಿಂದ ಅವಳ ಅಳು ಕೇಳಿಸಿತು. ನಮ್ಮದೇ ಮಗು ಎಂದು ಗೊತ್ತಾಯಿತು. ಎಚ್ಚರವಾಗಿಯೇ ಇದ್ದೆ ಅಮ್ಮ. ಎದ್ದು ಬರಬಹುದಿತ್ತು. ಬರಲಿಲ್ಲ. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ. ನೀನು ಬಾಟಲಿ ಬಿಸಿ ಮಾಡುತ್ತೀಯ, ಎತ್ತಿಕೊಳ್ಳುತ್ತೀಯ ಎಂದು ನಂಬಿಕೆಯಿತ್ತು, ಆದರೆ ಅದಕ್ಕೇ ಮಲಗಿದೆ ಎಂದರೆ ಸುಳ್ಳು. ನೀನಿಲ್ಲದಿದ್ದರೂ ಆ ಗಳಿಗೆಯಲ್ಲಿ ನಾನು ಏಳುತ್ತಿರಲಿಲ್ಲವೇನೋ ಅನಿಸಿ ಹೆದರಿಕೆಯಾಯಿತು. ಆಮೇಲೆ ಅಳು ನಿಂತಿತು. ನನಗೆ ಮತ್ತೆ ನಿದ್ದೆ ಬಂತು.

ನನಗಿನ್ನೂ ಮೂರು ವಾರ ತುಂಬಿಲ್ಲ. ನೀನು ಅದನ್ನು ನಾಲ್ಕು ವರ್ಷ ಮಾಡಿದೆ, ನಾನು ಭಾನುವಾರ ಕೇಕ್ ತಂದೆ.

ನಲವತ್ತು ದಿನ ಮುಗಿಯುವವರೆಗೆ ನಿನ್ನನ್ನು ಬಿಡುವುದಿಲ್ಲ, ಅದು ಬೇರೆ. ಮುಗಿದ ಮರುದಿನ ಮೇಲಿನ ಇಳಿಜಾರಿನಲ್ಲಿ ಹಿಮ ಉಳಿದಿದ್ದರೆ ಹೋಗು. ಲೆಫ್ತೆರಾಗೆ ಏನು ಹೇಳಬೇಕೋ ನಾನು ಹೇಳುತ್ತೇನೆ, ಈ ಸಲ ಇದ್ದದ್ದನ್ನೇ.

ಈ ಕಾಗದವನ್ನು ಬುಟ್ಟಿಯಲ್ಲಿ ಹಾಕಿದ್ದೇನೆ. ಹಗ್ಗ ಎಳೆದುಕೋ. ನಾನು ಎದ್ದಿದ್ದೇನೆ ಎಂದು ನಿನಗೆ ಈಗ ಗೊತ್ತಾಯಿತು. ಆದರೂ ಇನ್ನೊಂದು ಗಂಟೆ ನನ್ನನ್ನು ಕರೆಯಬೇಡ ಅಮ್ಮ.

ಜೋರ್ನಿ